ಮೊದಲನೇ ಪುಟಗಳ ಬುಟ್ಟಿ

ನಾನು ಒಂದು ಬಿದಿರಿನ ಬುಟ್ಟಿ. ಕಸದ ಬುಟ್ಟಿ ಅಂತಲೇ ಕರೆಯಿರಿ, ಬೇಜಾರಿಲ್ಲ. ಬೇಜಾರು ಮಾಡಿಕೊಳ್ಳುವ ವಯಸ್ಸು ದಾಟಿ ಬಹಳ ಕಾಲವಾಯಿತು. ಬಾಯಂಚಿನ ಹೆಣಿಗೆ ಎರಡು ಕಡೆ ಬಿಟ್ಟುಕೊಂಡಿದೆ, ತಳ ಸಡಿಲವಾಗಿದೆ, ಒಂದು ಪಕ್ಕವನ್ನು ಇಲಿ ಕಡಿದು ಹಾಕಿದೆ. ಚಳ್ಳಕೆರೆಯ ಒಂದು ಹೆಂಚಿನ ಮನೆಯಲ್ಲಿ ಬಚ್ಚಲ ಬಾಗಿಲ ಪಕ್ಕ ಕೂತಿದ್ದೇನೆ. ಕೇಳುವವರಿದ್ದರೆ ನನ್ನ ಕಥೆ ಹೇಳುತ್ತೇನೆ. ಇಲ್ಲದಿದ್ದರೆ ಅದೂ ಸರಿಯೇ.

ಹುಟ್ಟಿದ್ದು ಚಿತ್ರದುರ್ಗದ ಮೇದಾರ ಬೀದಿಯಲ್ಲಿ. ಕೇತಮ್ಮ ಅಂತ ಒಬ್ಬ ಹೆಂಗಸು ಮಚ್ಚಿನಿಂದ ಬಿದಿರನ್ನು ಸೀಳಿ, ಸೀಳನ್ನು ಕಾಲ್ಬೆರಳ ಸಂದಿಯಲ್ಲಿ ಹಿಡಿದುಕೊಂಡು, ಬಾಯಲ್ಲಿ ಎಲೆ ಅಡಿಕೆ ಜಗಿಯುತ್ತಾ ನನ್ನನ್ನು ಹೆಣೆದಳು. ನನ್ನ ಜೊತೆ ಹುಟ್ಟಿದವರಲ್ಲಿ ಮೊರಗಳಿದ್ದವು, ಒಂದು ತೊಟ್ಟಿಲಿತ್ತು, ಕೋಳಿ ಮುಚ್ಚುವ ಮಂಕರಿಗಳಿದ್ದವು. ನನಗೆ ಹೂವಿನ ಬುಟ್ಟಿಯಾಗುವ ಆಸೆ. ದಿನಾ ಬೆಳಿಗ್ಗೆ ಮಲ್ಲಿಗೆ, ಸೇವಂತಿಗೆ ತುಂಬಿಕೊಂಡು ಯಾರದೋ ಸೊಂಟದ ಮೇಲೆ ಊರು ಸುತ್ತಬೇಕು ಅಂದುಕೊಂಡಿದ್ದೆ. ಆಸೆಗೇನು, ಯಾರೂ ಬೇಡ ಅನ್ನುವುದಿಲ್ಲ.

ನನ್ನನ್ನು ಕೊಂಡವರು ಪಂಚಾಕ್ಷರಯ್ಯ. ಚಳ್ಳಕೆರೆಯಲ್ಲಿ 'ಬಯಲುವಾಣಿ' ಅನ್ನುವ ವಾರಪತ್ರಿಕೆ ನಡೆಸುತ್ತಿದ್ದರು. ಸಂಪಾದಕರೂ ಅವರೇ, ಕರಡು ತಿದ್ದುವವರೂ ಅವರೇ, ಪತ್ರಿಕೆ ಹೊತ್ತುಕೊಂಡು ಬಸ್‌ಸ್ಟ್ಯಾಂಡಿಗೆ ಹೋಗುವವರೂ ಅವರೇ. ಕಾಗದ ತರಲು ದುರ್ಗಕ್ಕೆ ಬಂದವರು ನನ್ನನ್ನು ಎತ್ತಿ, ತಳಕ್ಕೆ ಎರಡು ಸಲ ಬಡಿದು, "ಗಟ್ಟಿ ಐತಲ್ಲ ಕೇತಮ್ಮ? ಇದಕ್ಕೆ ಬಾಳ ತಿನ್ಸಬೇಕು," ಎಂದರು. ನನಗಾಗ ಅರ್ಥವಾಗಲಿಲ್ಲ.

ಆಮೇಲೆ ಅರ್ಥವಾಯಿತು. ಅಬ್ಬಬ್ಬಾ, ಅದೇನು ತಿನ್ನಿಸಿದರು ಪುಣ್ಯಾತ್ಮರು! ಯುಗಾದಿ ಬಂದರೆ ಯುಗಾದಿ ಕವನ, ಮಳೆ ಬಂದರೆ ಮಳೆ ಕವನ, ಮಳೆ ಬರದಿದ್ದರೆ ಇನ್ನೂ ಉದ್ದದ ಕವನ. ಓದು ನನಗೆ ಬಂದದ್ದು ಅಲ್ಲೇ. ಹೊಟ್ಟೆಯಲ್ಲಿ ಬಿದ್ದದ್ದನ್ನು ಓದದೆ ಬೇರೇನು ಮಾಡಲಿ? ಓದಿ ಓದಿ ಸುಸ್ತಾಗಿ ಹೋದೆ.

ಬರೆಯುವ ಹುಚ್ಚಿನವರು ಖುದ್ದಾಗಿಯೂ ಬರುತ್ತಿದ್ದರು. ಒಬ್ಬರು ಚಿನ್ನದ ಬಣ್ಣದ ಟೋಪಿಯ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಬಂದು, "ಮೇಜು, ದೀಪ, ತಿರುಗೋ ಕುರ್ಚಿ ಎಲ್ಲಾ ತಂದಿಟ್ಕೊಂಡಿದೀನಿ ಸಾರ್. ಇನ್ನೇನು ಬೇಕು?" ಎಂದು ಕೇಳಿದರು.

ಪಂಚಾಕ್ಷರಯ್ಯ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಾ ಹೇಳಿದರು: "ಪೆನ್ನು ಯಾವ್ದಾದ್ರೂ ಆಗ್ತದೆ ಸ್ವಾಮಿ. ದಿನಾ ಒಂದೇ ಹೊತ್ತಿಗೆ ಕೂತ್ಕೋಬೇಕು. ಬರೆದಿದ್ದನ್ನ ಬಾಯಿಬಿಟ್ಟು ಜೋರಾಗಿ ಓದ್ಕೋಬೇಕು. ಆಮೇಲೆ ಇದು ಬೇಕು." ಇದು ಅಂದದ್ದು ನನ್ನನ್ನು. ಕಾಲಲ್ಲಿ ಒಂದು ತಳ್ಳು ತಳ್ಳಿ ತೋರಿಸಿದರು.

"ಕಸದ ಬುಟ್ಟೀನಾ?"

"ಹ್ಞೂಂ. ಪೆನ್ನು ಎಲ್ರ ಹತ್ರಾನೂ ಇರ್ತದೆ. ಬುಟ್ಟಿ ಇಟ್ಕೊಳ್ಳೋಕೆ ಎದೆ ಬೇಕು."

ಚಿನ್ನದ ಪೆನ್ನಿನವರು ಮತ್ತೆ ಬರಲಿಲ್ಲ. ನನಗಂತೂ ಆವತ್ತು ಸ್ವಲ್ಪ ಹೆಮ್ಮೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಪುಷ್ಪಾವತಿ ಅಲ್ಲಿಗೆ ಬಂದದ್ದು ಪತ್ರಿಕೆಯ ಕೊನೆಗಾಲದಲ್ಲಿ. ತಾಲ್ಲೂಕು ಆಫೀಸಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಮೂವತ್ತು ದಾಟಿದ ಹೆಂಗಸು, ತೆಳ್ಳಗೆ, ಬೆರಳ ತುದಿಯೆಲ್ಲ ಕಪ್ಪು. ಜೆರಾಕ್ಸಿನಲ್ಲಿ ಕೆಟ್ಟ ಹಾಳೆಗಳ ಖಾಲಿ ಮಗ್ಗುಲಿನಲ್ಲಿ ಒಂದು ಕಥೆ ಬರೆದು ತಂದಿದ್ದಳು. ಪಂಚಾಕ್ಷರಯ್ಯ ಓದಿದರು. ಮೊದಲನೇ ಪುಟ ತುಂಬಾ ಸೂರ್ಯ ಹುಟ್ಟುತ್ತಲೇ ಇದ್ದ. ತಂಗಾಳಿ ಬೀಸಿತು, ಹಕ್ಕಿ ಕೂಗಿತು, ಇಬ್ಬನಿ ಬಿತ್ತು. ಚಳ್ಳಕೆರೆಯಲ್ಲಿ ಇಬ್ಬನಿ ಯಾವಾಗ ಬಿತ್ತೋ ಆ ದೇವರೇ ಬಲ್ಲ. ಎರಡನೇ ಪುಟದಲ್ಲಿ ಒಬ್ಬಳು ಹೆಂಗಸು ಬಾಗಿಲು ತೆಗೆದಳು.

ಅವರು ಮೊದಲನೇ ಪುಟ ಪರ್ರನೆ ಹರಿದು ನನ್ನೊಳಗೆ ಹಾಕಿದರು. "ಮೊದಲನೇ ಪುಟ ಹರ್ದಾಕಮ್ಮ. ಕಥೆ ಶುರುವಾಗೋದು ಇಲ್ಲಿಂದ, ನೋಡು. ಇನ್ನೊಂದ್ಸಲ ಬರ್ಕೊಂಡು ಬಾ, ಹಾಕ್ತೀನಿ."

ಪುಷ್ಪಾವತಿಯ ಕಣ್ಣು ಅಗಲವಾಯಿತು. ಏನೋ ಮಂತ್ರೋಪದೇಶ ಸಿಕ್ಕಿದವಳಂತೆ ಆ ಮಾತನ್ನು ಬಾಯಲ್ಲಿ ಹೇಳಿಕೊಂಡಳು. ಕಥೆಯನ್ನು ಮತ್ತೆ ಬರೆದು ತರುವಷ್ಟರಲ್ಲಿ ಪತ್ರಿಕೆ ನಿಂತುಹೋಗಿತ್ತು. ಮಿಷಿನ್ನು ಲಾರಿಗೇರುತ್ತಿತ್ತು, ಬೋರ್ಡು ಗೋಡೆಗೆ ಒರಗಿತ್ತು. ಪಂಚಾಕ್ಷರಯ್ಯ ಅವಳ ಕೈಗೆ ಕೊಡಲು ಏನೂ ಇಲ್ಲದೆ ಸುತ್ತ ನೋಡಿ ನನ್ನನ್ನು ಎತ್ತಿ ಕೊಟ್ಟರು. "ಇದು ಇಟ್ಕೋ. ಬರೆಯೋದು ಬಿಡಬ್ಯಾಡ."

ಹೀಗೆ ನಾನು ಅಂತೂ ಒಬ್ಬಳ ಸೊಂಟವೇರಿ ಊರು ಸುತ್ತಿದೆ. ಒಳಗೆ ಮಲ್ಲಿಗೆ ಇರಲಿಲ್ಲ, ಅಷ್ಟೇ.

ಮನೆಯಲ್ಲಿ ಇಬ್ಬರೇ. ಅಕ್ಕ ಬೋರಮ್ಮ, ತಂಗಿ ಪುಷ್ಪಾವತಿ. ಬೋರಮ್ಮನ ಗಂಡ ಬೇಗ ತೀರಿಹೋಗಿದ್ದ. ತಂಗಿ ಮದುವೆಯೇ ಬೇಡ ಅಂದವಳು. ಬೋರಮ್ಮ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಸುಲಿಯುವ ಮಿಷಿನ್ನಿನ ಹತ್ತಿರ ಕೆಲಸ ಮಾಡುತ್ತಿದ್ದಳು. ಚಿಕ್ಕ ಹುಡುಗಿಯಾಗಿದ್ದಾಗ ಶೇಂಗಾ ಸುಲಿಯಲು ಕೂತವಳು ಎದ್ದೇ ಇಲ್ಲ. ತಂಗಿಯನ್ನು ಓದಿಸಿದ್ದು ಅವಳು. ಅವಳಿಗೆ ಓದಲು ಬರುವುದಿಲ್ಲ, ಕಲಿತಿದ್ದ ನಾಲ್ಕಕ್ಷರವೂ ಮರೆತುಹೋಗಿದೆ.

ನನ್ನನ್ನು ನೋಡಿ ಬೋರಮ್ಮ, "ಅಯ್ಯೋ ನನ್ನ ಕರ್ಮವೇ, ಜಾಸ್ತಿ ಸಂಬಳ ಕೊಡೋ ಕೆಲ್ಸ ಕೇಳ್ಕೊಂಡು ಬಾ ಅಂದ್ರೆ ಕಸದ ಬುಟ್ಟಿ ತಂದಿದಾಳೆ!" ಎಂದು ನಕ್ಕಳು.

ಅಲ್ಲಿಂದ ನನ್ನ ನಿಜವಾದ ದುಡಿಮೆ ಶುರುವಾಯಿತು. ಪುಷ್ಪಾವತಿ ಬೀದಿ ನಲ್ಲಿಗೆ ನೀರು ಬರುವ ಮುಂಚೆ ಎದ್ದು, ಗೋಡೆಗೆ ಒರಗಿ, ಪರೀಕ್ಷೆ ಬರೆಯುವ ರಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಜ್ವರ ಬಂದರೂ ಕೂತಳು, ಹಬ್ಬವಾದರೂ ಕೂತಳು. ಗುರುಗಳು ಹೇಳಿದ ಒಂದೇ ಹೊತ್ತಿನ ಮಾತನ್ನು ಅಷ್ಟು ನಿಷ್ಠೆಯಿಂದ ನಡೆಸಿದಳು. ಬಾಯಿಬಿಟ್ಟು ಓದಿಕೊಳ್ಳುವ ಮಾತನ್ನು ಮಾತ್ರ ಬಿಟ್ಟಳು. ಅಕ್ಕನಿಗೆ ಕೇಳಿಸಿಬಿಟ್ಟರೆ ಅನ್ನುವ ನಾಚಿಕೆ. ತುಟಿ ಅಲ್ಲಾಡುತ್ತಿತ್ತು, ದನಿ ಬರುತ್ತಿರಲಿಲ್ಲ.

ಇನ್ನು ನನ್ನ ವಿಷಯ. ಕಥೆ ಮುಗಿಯುತ್ತಿದ್ದಂತೆ ಅವಳು ಮೊದಲನೇ ಪುಟ ಹರಿದು ನನ್ನೊಳಗೆ ಹಾಕುತ್ತಿದ್ದಳು. ಉಳಿದದ್ದಕ್ಕೆ ಪಿನ್ನು ಹೊಡೆದು ಪತ್ರಿಕೆಗಳಿಗೆ ಕಳಿಸುತ್ತಿದ್ದಳು. ಪ್ರತಿ ಕಥೆಗೂ ಇದೇ ಶಾಸ್ತ್ರ. ಚೆನ್ನಾಗಿದೆಯೋ ಇಲ್ಲವೋ, ನೋಡುವ ಪ್ರಶ್ನೆಯೇ ಇಲ್ಲ. ಗುರುಗಳು ಹೇಳಿದ್ದಾರೆ, ಹರಿಯಬೇಕು, ಹರಿದಳು.

ನಾನು ಓದುತ್ತಿದ್ದೆನಲ್ಲ, ನನಗೆ ಗೊತ್ತು. ಸೂರ್ಯ, ತಂಗಾಳಿ ಎಲ್ಲ ಮೊದಮೊದಲಿಗೆ ಮಾತ್ರ. ಆಮೇಲೆ ಅವಳ ಕೈ ತಿರುಗಿತು. ಯಾವ ಕಥೆ ಬರೆಯಲು ಕೂತರೂ ಅವಳಿಗೆ ಅಕ್ಕನಿಂದಲೇ ಶುರುವಾಗುತ್ತಿತ್ತು. ಅಕ್ಕನ ಸೆರಗಿಗೆ ಅಂಟಿದ ಶೇಂಗಾ ಹೊಟ್ಟು, ಅಕ್ಕ ತಲೆ ಬಾಚುವಾಗ ಎಳೆಯುವ ನೋವು, ಇಬ್ಬರಿಗೂ ಇದ್ದ ಒಂದೇ ಕಂಬಳಿ. ಹೆಸರು ಬೇರೆ ಇಡುತ್ತಿದ್ದಳು. ಆದರೆ ಅದು ಬೋರಮ್ಮನೇ. ಆ ಪುಟ ಸೀದಾ ನನ್ನ ಹೊಟ್ಟೆಗೆ. ಪತ್ರಿಕೆಗೆ ಹೋಗುತ್ತಿದ್ದ ಉಳಿದ ಕಥೆಯಲ್ಲಿ ಯಾರೋ ಒಬ್ಬಳು ಎಲ್ಲಿಗೋ ನಡೆದು ಹೋಗುತ್ತಿದ್ದಳಂತೆ. 'ಈಕೆ ಯಾರೆಂದು ತಿಳಿಯುವಷ್ಟರಲ್ಲಿ ಕಥೆ ಮುಗಿಯುತ್ತದೆ' ಎಂದು ಒಂದು ಪತ್ರಿಕೆಯವರು ಬರೆದು ವಾಪಸ್ ಕಳಿಸಿದರು. ಬೇರೆಯವರು ಅಷ್ಟನ್ನೂ ಬರೆಯಲಿಲ್ಲ.

ಅಯ್ಯೋ ಮಗಳೇ, ಇದನ್ನು ಹರಿಯಬೇಡ ಎಂದು ಎಷ್ಟು ಸಲ ಅಂದುಕೊಂಡೆನೋ. ಬುಟ್ಟಿಗೆ ಬಾಯಿ ದೊಡ್ಡದು, ಮಾತು ಮಾತ್ರ ಬರುವುದಿಲ್ಲ.

ಇನ್ನೊಂದು ಸಂಕಟ ಹೇಳಲೇಬೇಕು. ನನ್ನನ್ನು ಖಾಲಿ ಮಾಡುತ್ತಿದ್ದವಳು ಬೋರಮ್ಮ. ಹಂಡೆ ಒಲೆ ಹೊತ್ತಿಸಲು ಕಾಗದ ಬೇಕಲ್ಲ. ತನ್ನ ಕಥೆಯನ್ನು ತಾನೇ ಮುದುರಿ ಒಲೆಗೆ ತುರುಕಿ, ಕಡ್ಡಿ ಗೀರಿ, "ಇದೇನೇ ಪುಷ್ಪಿ, ಬರೀ ಒಂದು ಹಾಳೆ? ಇದ್ರಾಗೆ ಹಂಡೆ ಹೆಂಗೆ ಕಾಯ್ತದೆ? ಇನ್ನೂ ಒಂದಿಷ್ಟು ಬರಿಯೇ," ಅನ್ನುತ್ತಿದ್ದಳು.

ಒಂದೊಂದು ಸಲ ಊಟ ಮಾಡುವಾಗ ಕೇಳುತ್ತಿದ್ದಳು. "ನಂಗೂ ಒಂದು ಓದಿ ಹೇಳೇ. ಏನ್ ಬರೀತೀಯ ಅಂತ ಗೊತ್ತಾಗ್ಲಿ."

"ಅಚ್ಚಾಗ್ಲಿ ತಡಿಯಕ್ಕ. ವಾಪಸ್ ಬಂದಿರೋದನ್ನ ಓದಿದ್ರೆ, ನಾನು ನಿನ್ನ ಓದ್ಸಿದ್ದು ಇದಕ್ಕಾ ಅಂತೀಯ."

"ನಾನ್ಯಾಕೆ ಅಂಗನ್ಲಿ?"

"ಅಚ್ಚಾಗ್ಲಿ. ಪುಸ್ತಕದಾಗೆ ನಿಂಗೆ ತೋರ್ಸಿ ಓದ್ತೀನಿ."

ವರ್ಷಗಳು ಹೋದವು. ಮಿಲ್ಲಿನ ಮಿಷಿನ್ನಿನ ಸದ್ದು ಬೋರಮ್ಮನ ಕಿವಿಯನ್ನು ನಿಧಾನಕ್ಕೆ ತಿಂದುಹಾಕಿತು. ಮೊದಲು ಬೀದಿಯಲ್ಲಿ ಸೊಪ್ಪಿನವಳು ಕೂಗಿದ್ದು ಕೇಳದಾಯಿತು. ಆಮೇಲೆ ಕುಕ್ಕರ್ ವಿಷಲ್ಲು. ಕಿವಿಗೆ ಹಾಕುವ ಮಿಷಿನ್ನು ತಂದರೆ, "ಸದಾ ಕುಂಯ್ ಅಂತದೆ, ಮಿಲ್ಲೇ ವಾಸಿ," ಅಂದು ಡಬ್ಬಿಯಲ್ಲಿಟ್ಟಳು. ಕೂಗಿ ಹೇಳಿದರೆ, ಅದೂ ಎಡಗಿವಿಗೆ ಹೇಳಿದರೆ, ಕೇಳುತ್ತಿತ್ತು. ಪುಷ್ಪಾವತಿಗೆ ಭಯ ಹಿಡಿಯಿತು. ಬರೆಯಲು ಕೂತವಳು ಪೆನ್ನು ಹಿಡಿದುಕೊಂಡೇ ಅಳುವುದನ್ನು ನಾನು ಕೆಳಗಿನಿಂದ ನೋಡಿದ್ದೇನೆ. ಇನ್ನೇನು ಆ ಕಿವಿಯೂ ಮುಚ್ಚಿಹೋಗುತ್ತದೆ. ಒಂದೇ ಒಂದು ಕಥೆ ಅಚ್ಚಾಗಿ, ಅಕ್ಕ ಅದನ್ನು ಕೇಳಿದರೆ ಸಾಕು. ಅವಳಿಗೆ ಬೇರೆ ಯಾವ ದೊಡ್ಡಸ್ತಿಕೆಯೂ ಬೇಕಿರಲಿಲ್ಲ.

ಒಂದು ಭಾನುವಾರ ಸಾಯಂಕಾಲ ಪಂಚಾಕ್ಷರಯ್ಯ ಕೋಲೂರಿಕೊಂಡು ಮನೆ ಹುಡುಕಿಕೊಂಡು ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿತ್ತು, ಇನ್ನೊಂದಕ್ಕೆ ಆಗಬೇಕಿತ್ತು. ಬಾಗಿಲ ಹತ್ತಿರ ಚಾಪೆಯ ಮೇಲೆ ಕೂತವರು ನನ್ನನ್ನು ಕಂಡು, "ಎಲಾ, ಇನ್ನೂ ಬದುಕಿದೀಯಾ ನೀನು?" ಅಂದರು. ನನಗೂ ಅದನ್ನೇ ಕೇಳಬೇಕು ಅನ್ನಿಸಿತು.

"ದೀಪಾವಳಿ ವಿಶೇಷಾಂಕಕ್ಕೆ ಕಥಾಸ್ಪರ್ಧೆ ಕರೆದಿದಾರೆ ಕಣಮ್ಮ. ನಾಳೆ ಪೋಸ್ಟ್ ಮಾಡಿದ್ರೆ ಮುಟ್ತದೆ. ಬರೆಯೋದು ಬಿಟ್ಟಿಲ್ಲ ತಾನೆ?"

"ಬಿಟ್ಟಿಲ್ಲ ಸಾರ್. ಇವತ್ತೇ ಒಂದು ಮುಗಿಸಿದೀನಿ."

"ಓದು ಮತ್ತೆ. ನಂಗೆ ಕಣ್ಣು ಸಾಲದು. ಜೋರಾಗಿ ಓದು."

ಅಕ್ಕ ಆಗತಾನೆ ಮಿಲ್ಲಿನಿಂದ ಬಂದು, ಮೈಮೇಲಿನ ಹೊಟ್ಟು ತೊಳೆದುಕೊಳ್ಳಲು ಹಂಡೆ ಒಲೆ ಹಚ್ಚುತ್ತಿದ್ದಳು. ಕಾಗದಕ್ಕೆ ಬಂದವಳು ಪಂಚಾಕ್ಷರಯ್ಯನವರಿಗೆ ಕೈಮುಗಿದು, ನನ್ನನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು. ಬಚ್ಚಲು ನಾಲ್ಕು ಹೆಜ್ಜೆ ಆಚೆ. ಅಲ್ಲಿಂದ ನನಗೆ ಎಲ್ಲವೂ ಕೇಳಿಸುತ್ತಿತ್ತು.

ಪುಷ್ಪಾವತಿ ಓದಲು ಶುರುಮಾಡಿದಳು. ಇಷ್ಟು ವರ್ಷದಲ್ಲಿ ಅವಳು ತಾನು ಬರೆದದ್ದನ್ನು ಬಾಯಿಬಿಟ್ಟು ಓದಿದ್ದು ಅದೇ ಮೊದಲು. 'ಅವಳು ಮರುದಿನದಿಂದ ಅಲ್ಲಿಗೆ ಹೋಗಲಿಲ್ಲ. ಅದನ್ನು ತಂಗಿಯ ಚೀಲಕ್ಕೆ ಹಾಕಿದಳು...'

"ತಡಿ ತಡಿ," ಅಂದರು ಪಂಚಾಕ್ಷರಯ್ಯ. "ಯಾರಮ್ಮ ಅವಳು? ಎಲ್ಲಿಗೆ ಹೋಗ್ಲಿಲ್ಲ? ಏನನ್ನ ಚೀಲಕ್ಕೆ ಹಾಕಿದ್ಲು? ಮೊದಲಿಂದ ಓದು."

"ಇದೇ ಮೊದಲು ಸಾರ್."

"ಇದು ನಡೂಮಧ್ಯ ಕಣಮ್ಮ!"

"ಮೊದಲನೇ ಪುಟ ಹರ್ದಾಕಿದೀನಿ. ನೀವೇ ಹೇಳಿದ್ರಲ್ಲ ಸಾರ್. ಆವತ್ತಿಂದ ಎಲ್ಲಾ ಕಥೆದೂ ಹರ್ದಾಕ್ತಾನೇ ಬಂದಿದೀನಿ."

ಮುದುಕರು ಹಣೆ ಹಣೆ ಚಚ್ಚಿಕೊಂಡ ಸದ್ದು ಬಂತು. "ಅಯ್ಯೋ ಶಿವನೇ! ಅದು ಆ ಒಂದು ಕಥೆಗೆ ಹೇಳಿದ ಮಾತಲ್ವೇನಮ್ಮ? ಸೂರ್ಯ ಹುಟ್ಟಿ ಹುಟ್ಟಿ ಸಾಯ್ತಿದ್ದ ಅಂತ ಹೇಳ್ದೆ. ಜನ್ಮಕ್ಕೆಲ್ಲಾ ಹರೀತಾ ಕೂತ್ಕೋ ಅಂದ್ನಾ? ಎಲ್ಲಿ ಆ ಪುಟ? ತಗಂಬಾ!"

ಪುಟ ಎಲ್ಲಿತ್ತು? ನನ್ನಲ್ಲಿತ್ತು. ನಾನು ಒಲೆಯ ಮುಂದಿದ್ದೆ. ಆ ಪುಟದಲ್ಲಿ ಒಂದು ಸ್ಲೇಟಿತ್ತು. ಮನೆಗೆ ಒಂದೇ ಸ್ಲೇಟು, ಶಾಲೆಗೆ ಹೋಗುವವರು ಇಬ್ಬರು. ಅಕ್ಕ ಆ ಸ್ಲೇಟನ್ನು ಸೆರಗಿನಿಂದ ಒರೆಸುತ್ತಿದ್ದಳು. ನಾನು ತಿಂದ ಕಾಗದಗಳಲ್ಲೆಲ್ಲ ಅದರಷ್ಟು ಚೆಂದದ್ದು ಇನ್ನೊಂದಿರಲಿಲ್ಲ. ಬೋರಮ್ಮ ಅದನ್ನು ತೆಗೆದು ಮುದುರಿದಳು.

"ಅಕ್ಕಾ!" ಪುಷ್ಪಾವತಿ ಕೂಗುತ್ತಾ ಓಡಿ ಬಂದಳು. "ಅಕ್ಕಾ, ಬ್ಯಾಡ! ಅಕ್ಕಾ!"

ಬೋರಮ್ಮ ಬೆನ್ನು ಹಾಕಿ ಕೂತಿದ್ದಳು. ಅವಳಿಗೆ ಎಲ್ಲಿ ಕೇಳಬೇಕು? ಕಡ್ಡಿ ಗೀರಿದಳು. ತಂಗಿ ಬಂದು ಭುಜ ಹಿಡಿಯುವಷ್ಟರಲ್ಲಿ ಸ್ಲೇಟೂ ಇರಲಿಲ್ಲ, ಸೆರಗೂ ಇರಲಿಲ್ಲ. ಪುಷ್ಪಾವತಿ ಬಚ್ಚಲ ಕಲ್ಲಿನ ಮೇಲೆ ಹಾಗೇ ಕುಸಿದು ಕೂತಳು.

"ಯಾಕೇ? ಏನಾಯ್ತೇ? ನಾನೇನ್ ಮಾಡ್ದೆ?" ಬೋರಮ್ಮ ಗಾಬರಿಯಾದಳು.

ಗೋಡೆ ಹಿಡಿದುಕೊಂಡು ಪಂಚಾಕ್ಷರಯ್ಯನವರೂ ಅಲ್ಲಿಗೇ ಬಂದರು. ನನ್ನನ್ನು ನೋಡಿದರು. ಆಮೇಲೆ ನನ್ನನ್ನು ಎತ್ತಿ ಬೋರಲು ಹಾಕಿ, ನನ್ನ ತಳದ ಮೇಲೆ ಬರೆಯುವ ರಟ್ಟು ಇಟ್ಟರು. "ಅಳಬ್ಯಾಡ. ತಲೇನಾಗೆ ಇರ್ತದೆ, ಬರಿ. ಪೋಸ್ಟಾಫೀಸು ತೆಗೆಯೋದು ನಾಳೆ ಬೆಳಿಗ್ಗೆ."

ಅವಳು ಕಣ್ಣೊರೆಸಿಕೊಂಡು ನನ್ನ ಮುಂದೆ ಕೂತಳು. ಬರೆದಳು, ಹೊಡೆದು ಹಾಕಿದಳು. ಮತ್ತೆ ಬರೆದಳು, ಮುದುರಿ ಬುಟ್ಟಿಗೆ ಹಾಕಲು ಕೈ ಚಾಚಿದಳು. ಬುಟ್ಟಿ ಬೋರಲು. ಆ ಹಾಳೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಬಿಡಿಸಿ ಮಡಿಲಲ್ಲಿಟ್ಟುಕೊಂಡಳು. ಸುಟ್ಟುಹೋದ ಪುಟ ವಾಪಸ್ ಬರಲಿಲ್ಲ.

ಕೊನೆಗೆ ಅಕ್ಕನ ಎಡಗಿವಿಯ ಹತ್ತಿರ ಬಾಗಿ ಕೂಗಿದಳು. "ಅಕ್ಕಾ, ನಾವಿಬ್ರೂ ಸ್ಕೂಲಿಗೆ ಹೋಗ್ತಿದ್ವಲ್ಲ, ಆ ಸ್ಲೇಟು! ನಂಗ್ಯಾಕೆ ಕೊಟ್ಬಿಟ್ಟೆ?"

"ಸ್ಲೇಟಾ?" ಬೋರಮ್ಮ ಒಲೆಯ ಬೆಳಕಿನಲ್ಲಿ ನಕ್ಕಳು. "ಇನ್ನೇನ್ ಮಾಡ್ಲಿ? ನೀನು ಬಳಪ ತಿಂತಿದ್ದೆ ಕಣೇ. ನಾನು ಬರೆಯೋದು, ನೀನು ಕದ್ದು ತಿನ್ನೋದು. ಮೇಷ್ಟ್ರು ನಂಗೆ ಹೊಡೆಯೋರು, ಬಳಪ ಎಲ್ಲಿ ಅಂತ. ಒಂದಿನ ಅನ್ನಿಸ್ತು, ಇವಳಿಗೆ ಅಕ್ಷರದ ಹಸಿವು ನನಗಿಂತ ಜಾಸ್ತಿ ಐತೆ, ಇವಳೇ ಹೋಗ್ಲಿ ಅಂತ. ಮಾರನೇ ದಿನ ಶೇಂಗಾ ಸುಲಿಯೋಕೆ ಹೋದೆ. ಅಲ್ಲಾದ್ರೆ ತಿನ್ನೋಕೆ ಶೇಂಗಾನಾದ್ರೂ ಸಿಗ್ತಿತ್ತು."

ಪಂಚಾಕ್ಷರಯ್ಯ ಕನ್ನಡಕ ತೆಗೆದು ಒರೆಸಿಕೊಂಡರು. ಪುಷ್ಪಾವತಿ ಬರೆಯತೊಡಗಿದಳು. ಪೆನ್ನಿನ ಒತ್ತು ನನ್ನ ತಳದವರೆಗೂ ತಾಗುತ್ತಿತ್ತು. ಸುಟ್ಟ ಪುಟದಲ್ಲಿ ಸ್ಲೇಟಿತ್ತು, ಬಳಪ ಇರಲಿಲ್ಲ. ಈಗ ಬಂತು.

ಕಥೆಗೆ ಬಹುಮಾನ ಬರಲಿಲ್ಲ. 'ಮೆಚ್ಚುಗೆ ಪಡೆದ ಕಥೆ' ಎಂದು, ದೀಪಾವಳಿಯೆಲ್ಲ ಕಳೆದ ಮೇಲೆ ಒಂದು ಸಂಚಿಕೆಯಲ್ಲಿ ಅಚ್ಚು ಹಾಕಿದರು. ಪುಷ್ಪಾವತಿ ಪತ್ರಿಕೆಯನ್ನು ಎದೆಗೆ ಒತ್ತಿಕೊಂಡು ಓಡುತ್ತಾ ಬಂದಳು. ಅಷ್ಟರಲ್ಲಿ ಬೋರಮ್ಮನ ಎಡಗಿವಿಯೂ ಹೆಚ್ಚು ಕಡಿಮೆ ಹೋಗಿತ್ತು.

"ಅಕ್ಕಾ, ಅಚ್ಚಾಗೈತೆ!" ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು.

"ಏನು ಹೆಚ್ಚಾಗೈತೆ?"

ಪತ್ರಿಕೆ ಬಿಡಿಸಿ ತೋರಿಸಿದಳು. ಬೋರಮ್ಮ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಡಬ್ಬಿಯಲ್ಲಿದ್ದ ಮಿಷಿನ್ನನ್ನು ತಾನೇ ತೆಗೆದು ಕಿವಿಗೆ ಹಾಕಿಕೊಂಡು, "ಕುಂಯ್ ಅಂದ್ರೆ ಅನ್ಲಿ. ಓದು," ಅಂದಳು.

ಪುಷ್ಪಾವತಿ ಓದಿದಳು. ಓದಿದಳು ಅನ್ನುವುದಕ್ಕಿಂತ ಅರಚಿದಳು. ಅಕ್ಕನಿಗೆ ಕೇಳಿಸಬಾರದು ಎಂದು ಬರೀ ತುಟಿ ಅಲ್ಲಾಡಿಸುತ್ತಾ ಬರೆದವಳು, ಈಗ ಒಂದೊಂದು ಸಾಲನ್ನೂ ಬೀದಿಗೆಲ್ಲ ಕೇಳುವಂತೆ ಕೂಗಿ ಕೂಗಿ ಓದಿದಳು. ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರು ಕೊಡ ಬಿಟ್ಟು ಬಾಗಿಲಿಗೆ ಬಂದರು. ಸ್ಲೇಟು ಬಂತು, ಮೇಷ್ಟ್ರು ಬಂದರು, ಬಳಪ ತಿಂದ ತಂಗಿ ಬಂದಳು. ಮೊದಲನೇ ಪುಟ ಮುಗಿಯಿತು.

"ನಿಲ್ಸು," ಅಂದಳು ಬೋರಮ್ಮ. "ಇದು ನಾನಲ್ವೇನೇ?"

ಪುಷ್ಪಾವತಿ ಹೌದೆಂದು ತಲೆಯಾಡಿಸಿದಳು.

ಬೋರಮ್ಮ ತಿರುಗಿ ನನ್ನನ್ನು ನೋಡಿದಳು. ಅಷ್ಟು ಹೊತ್ತು ನನ್ನನ್ನು ಯಾರೂ ನೋಡಿದ್ದಿಲ್ಲ. "ಮತ್ತೆ ಇಷ್ಟು ವರ್ಷ ಒಲೆಗಾಕಿದ್ನಲ್ಲ, ಆ ಹಾಳೆಗಳಾಗೂ ನಾನೇ ಇದ್ನಾ?"

ತಂಗಿ ಅಕ್ಕನ ಎರಡೂ ಕೈ ಹಿಡಿದುಕೊಂಡು ಮತ್ತೆ ತಲೆಯಾಡಿಸಿದಳು, ಕಣ್ಣೀರು ಧಾರಾಕಾರ.

ಬೋರಮ್ಮ ಸೆರಗಿನಿಂದ ತಂಗಿಯ ಮುಖ ಒರೆಸುತ್ತಾ ಹೇಳಿದಳು: "ಅದಕ್ಕೇ ಕಣೇ, ನೀರು ಬೇಗ ಕಾಯ್ತಿತ್ತು."

ಇಬ್ಬರೂ ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ. ಬಾಗಿಲಲ್ಲಿದ್ದ ಹೆಂಗಸರೂ ಸೆರಗನ್ನು ಕಣ್ಣಿಗೆ ಹಚ್ಚಿಕೊಂಡರು.

ಈಗ ಬರೆದ ಕಾಗದವನ್ನು ಬೋರಮ್ಮ ಒಲೆಗೆ ಹಾಕುವುದಿಲ್ಲ, ತಂಗಿ ಹಾಕು ಎಂದು ಕೊಟ್ಟರೂ ಹಾಕುವುದಿಲ್ಲ. ಒಲೆಗೆ ಶೇಂಗಾ ಸಿಪ್ಪೆ. ಮಿಲ್ಲಿನಿಂದ ತಂದ ಸಿಪ್ಪೆಯನ್ನು ಬಚ್ಚಲ ಪಕ್ಕ ನನ್ನಲ್ಲಿ ತುಂಬಿಡುತ್ತಾಳೆ. ಸಿಪ್ಪೆ ಹಗುರ, ಅದನ್ನು ಓದಬೇಕಾಗಿಯೂ ಇಲ್ಲ. ಪುಷ್ಪಾವತಿ ಹೊಸ ಬುಟ್ಟಿ ಕೊಂಡಿದ್ದಾಳೆ, ಪ್ಲಾಸ್ಟಿಕ್ಕಿನದು. ಹರಿಯುವ ಮುಂಚೆ ಈಗ ಬಾಯಿಬಿಟ್ಟು ಓದಿ ನೋಡುತ್ತಾಳೆ.

ದಿನಾ ಸಂಜೆ ಬೋರಮ್ಮ ಮಿಷಿನ್ನು ಹಾಕಿಕೊಂಡು ಚಾಪೆಯ ಮೇಲೆ ಕೂರುತ್ತಾಳೆ. "ಓದೇ ಪುಷ್ಪಿ." ತಂಗಿ ಕೂಗಿ ಓದುತ್ತಾಳೆ. ಮೊದಲನೇ ಪುಟ ಮುಗಿಯುತ್ತಿದ್ದಂತೆ ಅಕ್ಕ ಕೈ ಅಡ್ಡ ಹಿಡಿಯುತ್ತಾಳೆ. "ಮುಂದಿಂದು ಇರ್ಲಿ ಬಿಡು. ಇದನ್ನೇ ಇನ್ನೊಂದ್ಸಲ ಓದು."

ನನ್ನ ಹಣೆಬರಹ ನೋಡಿ. ಅವಳ ಕಥೆಗಳ ಮೊದಲುಗಳನ್ನೆಲ್ಲ ತಿಂದವನು ನಾನು, ಒಂದರ ಕೊನೆಯೂ ಗೊತ್ತಿಲ್ಲ. ಈ ಒಂದಾದರೂ ಕೊನೆಯವರೆಗೆ ಕೇಳೋಣವೆಂದರೆ ಈ ಮಹಾತಾಯಿ ಬಿಡುವುದಿಲ್ಲ. ಇರಲಿ. ಇಷ್ಟು ವರ್ಷ ಸುಟ್ಟುಕೊಂಡದ್ದನ್ನೆಲ್ಲ ಅವಳು ಕೇಳಿ ಮುಗಿಸಬೇಕಲ್ಲ. ನನಗೇನೂ ಅವಸರವಿಲ್ಲ.